ನರನೋವಿನ ಔಷಧಗಳಲ್ಲಿ ತಕ್ಷಣ ಬಿಡುಗಡೆ ಮತ್ತು ನಿಧಾನ ಬಿಡುಗಡೆ ರೂಪಗಳು

ತಕ್ಷಣ ಬಿಡುಗಡೆ ಮತ್ತು ನಿಧಾನ ಬಿಡುಗಡೆ ಎಂಬುವು ಬಾಯಿಯ ಮೂಲಕ ಸೇವಿಸುವ ಔಷಧಗಳನ್ನು ತಯಾರಿಸುವ ಎರಡು ಬಗೆಗಳು. ತಕ್ಷಣ ಬಿಡುಗಡೆಯ ಮಾತ್ರೆ ಅಥವಾ ಕ್ಯಾಪ್ಸೂಲು ಜಠರವನ್ನು ಸೇರಿದ ಸ್ವಲ್ಪ ಹೊತ್ತಿನಲ್ಲಿಯೇ ಕರಗಿ, ತನ್ನಲ್ಲಿರುವ ಔಷಧವನ್ನೆಲ್ಲ ಒಮ್ಮೆಗೇ ಬಿಟ್ಟುಕೊಡುತ್ತದೆ. ನಿಧಾನ ಬಿಡುಗಡೆಯ ಮಾತ್ರೆಯು ಅದೇ ಔಷಧವನ್ನು ಹಲವು ಗಂಟೆಗಳ ಕಾಲ ಸ್ವಲ್ಪಸ್ವಲ್ಪವಾಗಿ ಹೊರಬಿಡುತ್ತದೆ. ನರನೋವಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವ ಪ್ರೆಗಾಬಾಲಿನ್, ಗ್ಯಾಬಪೆಂಟಿನ್, ಕಾರ್ಬಮಜೆಪಿನ್, ಟ್ರಮಡಾಲ್ ಮೊದಲಾದ ಔಷಧಗಳು ಈ ಎರಡೂ ರೂಪಗಳಲ್ಲಿ ದೊರೆಯುತ್ತವೆ.

ಎರಡು ರೂಪಗಳಲ್ಲಿರುವ ಔಷಧ ಸಾಮಾನ್ಯವಾಗಿ ಒಂದೇ. ಬೇರೆಯಾಗುವುದು ಅದು ರಕ್ತವನ್ನು ಸೇರುವ ವೇಗ ಮತ್ತು ಅವಧಿ. ಆದುದರಿಂದ ನಿಧಾನ ಬಿಡುಗಡೆಯ ರೂಪವನ್ನು ಹೆಚ್ಚು ಪ್ರಬಲವಾದ ಔಷಧವೆಂದು ಭಾವಿಸುವುದು ಸರಿಯಲ್ಲ. ಆದರೆ ದಿನಕ್ಕೆ ಎಷ್ಟು ಬಾರಿ ಸೇವಿಸಬೇಕು, ಊಟದೊಡನೆ ಸೇವಿಸಬೇಕೇ, ಮಾತ್ರೆಯನ್ನು ಮುರಿಯಬಹುದೇ, ಮೂತ್ರಪಿಂಡದ ಕಾಯಿಲೆ ಇರುವವರಿಗೆ ಸಲ್ಲುತ್ತದೆಯೇ ಎಂಬ ವಿಷಯಗಳಲ್ಲಿ ಎರಡು ರೂಪಗಳ ನಿಯಮಗಳು ಬೇರೆಬೇರೆಯಾಗಿವೆ. ಹೆಸರು ಒಂದೇ ಎಂಬ ಕಾರಣಕ್ಕೆ ಒಂದರ ಬದಲಿಗೆ ಇನ್ನೊಂದನ್ನು ಸೇವಿಸುವುದು ಅಪಾಯಕ್ಕೆ ಎಡೆಮಾಡಬಹುದು.

## ನರನೋವು

ಸಂವೇದನೆಯನ್ನು ಸಾಗಿಸುವ ನರವ್ಯೂಹಕ್ಕೆ ಉಂಟಾದ ಗಾಯದಿಂದ ಅಥವಾ ರೋಗದಿಂದ ಹುಟ್ಟುವ ನೋವನ್ನು ನರನೋವು ಅಥವಾ ನರಜನ್ಯ ನೋವು ಎನ್ನುತ್ತಾರೆ. ಉರಿ, ಜುಮ್ಮೆನಿಸುವಿಕೆ, ವಿದ್ಯುತ್ ಹೊಡೆದಂತಹ ಚಳುಕು, ಬಟ್ಟೆ ತಗುಲಿದರೂ ನೋಯುವಿಕೆ ಇದರ ಲಕ್ಷಣಗಳು. ದೀರ್ಘಕಾಲದ ಮಧುಮೇಹದಿಂದ ಪಾದಗಳಲ್ಲಿ ಕಾಣಿಸಿಕೊಳ್ಳುವ ನೋವು, ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನೋವು, ಮುಖದ ತ್ರಿಧಾರಾ ನರದ ಶೂಲೆ, ಬೆನ್ನುಹುರಿಗೆ ಪೆಟ್ಟಾದ ನಂತರದ ನೋವು ಇದರ ಪ್ರಮುಖ ಬಗೆಗಳು.

ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳಂತಹ ಸಾಮಾನ್ಯ ನೋವುನಿವಾರಕಗಳಿಂದ ನರನೋವು ಅಷ್ಟಾಗಿ ತಗ್ಗುವುದಿಲ್ಲ. ಆದುದರಿಂದ ಮೂಲತಃ ಅಪಸ್ಮಾರಕ್ಕಾಗಿ ಅಥವಾ ಖಿನ್ನತೆಗಾಗಿ ಸಿದ್ಧವಾದ ಕೆಲವು ಔಷಧಗಳನ್ನು ಇದಕ್ಕೆ ಬಳಸಲಾಗುತ್ತದೆ. ಇವನ್ನು ನೋವು ಬಂದಾಗ ಮಾತ್ರ ನುಂಗಿದರೆ ಪ್ರಯೋಜನವಿಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ಪ್ರತಿದಿನವೂ ಸೇವಿಸಬೇಕಾಗುತ್ತದೆ. ಹೀಗೆ ನಿತ್ಯ ಸೇವಿಸುವ ಔಷಧಗಳಾದುದರಿಂದಲೇ ಮಾತ್ರೆಯ ರೂಪದ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ.

## ಹೆಸರುಗಳು ಮತ್ತು ಗುರುತಿನ ಅಕ್ಷರಗಳು

ನಿಧಾನ ಬಿಡುಗಡೆಯ ಔಷಧಗಳ ಹೆಸರಿನ ಮುಂದೆ ಎಸ್‌ಆರ್, ಇಆರ್, ಎಕ್ಸ್‌ಆರ್, ಸಿಆರ್, ಪಿಆರ್ ಮುಂತಾದ ಅಕ್ಷರಗಳಿರುತ್ತವೆ. ತಯಾರಕರು ಬೇರೆಬೇರೆ ಅಕ್ಷರಗಳನ್ನು ಬಳಸಿದರೂ ಔಷಧವು ದೀರ್ಘಕಾಲ ಹೊರಬರುತ್ತದೆ ಎಂಬುದೇ ಇವೆಲ್ಲವುಗಳ ಸಾಮಾನ್ಯ ಅರ್ಥ. ತಕ್ಷಣ ಬಿಡುಗಡೆಯ ಔಷಧಗಳಿಗೆ ಬಹುಮಟ್ಟಿಗೆ ಯಾವ ಅಕ್ಷರವೂ ಇರುವುದಿಲ್ಲ.

ತಡ ಬಿಡುಗಡೆ ಎಂಬುದು ಮೂರನೆಯ ಬಗೆ. ಇದರಲ್ಲಿ ಔಷಧದ ಮೇಲಿನ ಲೇಪನವು ಜಠರದ ಆಮ್ಲದಲ್ಲಿ ಕರಗದೆ ಸಣ್ಣಕರುಳನ್ನು ತಲಪಿದ ಮೇಲೆ ಕರಗುತ್ತದೆ. ಆ ನಂತರ ಔಷಧ ಬೇಗನೆ ಹೊರಬರುತ್ತದೆ. ಮಧುಮೇಹದ ನರನೋವಿಗೆ ಬಳಸುವ ಡ್ಯುಲಾಕ್ಸೆಟಿನ್ ಕ್ಯಾಪ್ಸೂಲು ಈ ಬಗೆಯದು. ಅದನ್ನು ದಿನಕ್ಕೊಮ್ಮೆ ಸೇವಿಸುತ್ತಾರೆಂಬ ಕಾರಣದಿಂದ ನಿಧಾನ ಬಿಡುಗಡೆಯ ಔಷಧವೆಂದು ತಿಳಿಯಬಾರದು. ಆಮ್ಲದಿಂದ ಔಷಧವನ್ನು ಕಾಪಾಡುವುದಷ್ಟೇ ಅಲ್ಲಿ ಲೇಪನದ ಉದ್ದೇಶ.

## ಇತಿಹಾಸ

ನಿಧಾನ ಬಿಡುಗಡೆಯ ತಂತ್ರವನ್ನು ವ್ಯಾಪಕವಾಗಿ ಬಳಕೆಗೆ ತಂದದ್ದು ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಸಂಸ್ಥೆ 1952ರಲ್ಲಿ ಮಾರುಕಟ್ಟೆಗೆ ಬಿಟ್ಟ ಸ್ಪ್ಯಾನ್ಸೂಲ್ ಎಂಬ ಕ್ಯಾಪ್ಸೂಲು. ಅದರೊಳಗೆ ಬೇರೆಬೇರೆ ದಪ್ಪದ ಲೇಪನವುಳ್ಳ ನೂರಾರು ಸಣ್ಣ ಕಾಳುಗಳಿದ್ದು, ಅವು ಒಂದಾದ ಮೇಲೊಂದರಂತೆ ಕರಗುತ್ತಿದ್ದವು.

ನರನೋವಿನ ಔಷಧಗಳಿಗೆ ಈ ತಂತ್ರ ಬಂದದ್ದು ಬಹಳ ತಡವಾಗಿ. ತ್ರಿಧಾರಾ ನರಶೂಲೆಗೆ ಕಾರ್ಬಮಜೆಪಿನ್ ಉಪಯುಕ್ತವೆಂದು ಬ್ಲೂಮ್ ಎಂಬ ವೈದ್ಯರು 1962ರಲ್ಲಿ ವರದಿ ಮಾಡಿದರು. ಅದರ ನಿಧಾನ ಬಿಡುಗಡೆಯ ರೂಪಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತದ್ದು 1996ರಲ್ಲಿ. ಗ್ಯಾಬಪೆಂಟಿನ್‌ಗೆ ಅಲ್ಲಿ 1993ರಲ್ಲಿ ಅಪಸ್ಮಾರಕ್ಕಾಗಿ, 2002ರಲ್ಲಿ ಸರ್ಪಸುತ್ತಿನ ನಂತರದ ನೋವಿಗಾಗಿ ಅನುಮತಿ ದೊರೆಯಿತು; ದಿನಕ್ಕೊಮ್ಮೆ ಸೇವಿಸುವ ರೂಪ ಬಂದದ್ದು 2011ರಲ್ಲಿ. ಪ್ರೆಗಾಬಾಲಿನ್‌ನ ತಕ್ಷಣ ಬಿಡುಗಡೆಯ ಕ್ಯಾಪ್ಸೂಲಿಗೆ 2004ರಲ್ಲಿ, ನಿಧಾನ ಬಿಡುಗಡೆಯ ಮಾತ್ರೆಗೆ 2017ರಲ್ಲಿ ಅನುಮತಿ ನೀಡಲಾಯಿತು.

## ಕಾರ್ಯವಿಧಾನ

### ಅರ್ಧಾಯುಷ್ಯ

ರಕ್ತದಲ್ಲಿರುವ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವನ್ನು ಆ ಔಷಧದ ಅರ್ಧಾಯುಷ್ಯ ಎನ್ನುತ್ತಾರೆ. ಪ್ರೆಗಾಬಾಲಿನ್‌ನ ಅರ್ಧಾಯುಷ್ಯ ಸುಮಾರು 6 ಗಂಟೆ. ಅಂದರೆ ಔಷಧ ಪೂರ್ತಿಯಾಗಿ ರಕ್ತ ಸೇರಿದ 6 ಗಂಟೆಗಳ ನಂತರ ಅದರ ಅರ್ಧ, 12 ಗಂಟೆಗಳ ನಂತರ ಕಾಲುಭಾಗ, 24 ಗಂಟೆಗಳ ನಂತರ ಹದಿನಾರರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ಇಂತಹ ಔಷಧದ ತಕ್ಷಣ ಬಿಡುಗಡೆಯ ರೂಪವನ್ನು ದಿನಕ್ಕೊಮ್ಮೆ ಮಾತ್ರ ಸೇವಿಸಿದರೆ ಮರುದಿನದ ಹೊತ್ತಿಗೆ ಪರಿಣಾಮ ಬಹುಮಟ್ಟಿಗೆ ಇಳಿದುಹೋಗುತ್ತದೆ. ಆದ್ದರಿಂದ ಅದನ್ನು ದಿನಕ್ಕೆ ಎರಡು ಅಥವಾ ಮೂರು ಬಾರಿ ಸೇವಿಸಬೇಕಾಗುತ್ತದೆ. ಪ್ರತಿಬಾರಿಯೂ ರಕ್ತದಲ್ಲಿ ಔಷಧದ ಮಟ್ಟ ಮೇಲೇರಿ ಮತ್ತೆ ಕೆಳಗಿಳಿಯುತ್ತದೆ. ಏರಿದ ಹೊತ್ತಿನಲ್ಲಿ ತಲೆಸುತ್ತು, ತೂಕಡಿಕೆಗಳೂ ಇಳಿದ ಹೊತ್ತಿನಲ್ಲಿ ನೋವೂ ಕಾಣಿಸಿಕೊಳ್ಳಬಹುದು. ಈ ಏರಿಳಿತವನ್ನು ಕಡಿಮೆಮಾಡುವುದು ನಿಧಾನ ಬಿಡುಗಡೆಯ ಗುರಿ.

ಅರ್ಧಾಯುಷ್ಯವೇ ದೀರ್ಘವಾಗಿರುವ ಔಷಧಕ್ಕೆ ಇಂತಹ ಏರ್ಪಾಡು ಬೇಕಾಗುವುದಿಲ್ಲ. ನರನೋವಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಅಮಿಟ್ರಿಪ್ಟಿಲಿನ್ ಇದಕ್ಕೆ ಉದಾಹರಣೆ. ಅದರ ಸಾಮಾನ್ಯ ಮಾತ್ರೆಯನ್ನು ರಾತ್ರಿ ಒಮ್ಮೆ ಸೇವಿಸಿದರೆ ಸಾಕಾಗುತ್ತದೆ.

### ಮಾತ್ರೆಯ ರಚನೆ

ಔಷಧವನ್ನು ತಡೆದು ಬಿಡಲು ಹಲವು ವಿಧಾನಗಳಿವೆ:

* ಅಂಟುರಚನೆ: ನೀರು ತಗುಲಿದಾಗ ಲೋಳೆಯಂತಾಗುವ ವಸ್ತುವಿನಲ್ಲಿ ಔಷಧವನ್ನು ಬೆರೆಸಿರುತ್ತಾರೆ. ಲೋಳೆಯ ಮೂಲಕ ಔಷಧ ನಿಧಾನವಾಗಿ ಹೊರಬರುತ್ತದೆ.
* ಲೇಪಿತ ಕಾಳುಗಳು: ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳಿಗೆ ತೆಳುಪೊರೆಯ ಲೇಪನವಿರುತ್ತದೆ. ವೆನ್ಲಾಫ್ಯಾಕ್ಸಿನ್‌ನ ನಿಧಾನ ಬಿಡುಗಡೆಯ ಕ್ಯಾಪ್ಸೂಲು ಈ ಬಗೆಯದು.
* ಪರಾಸರಣ ಮಾತ್ರೆ: ಗಟ್ಟಿ ಹೊರಕವಚದ ಮೂಲಕ ನೀರು ಒಳಸೇರಿ, ಸಣ್ಣ ರಂಧ್ರದ ಮೂಲಕ ಔಷಧವನ್ನು ಹೊರದೂಡುತ್ತದೆ. ಕಾರ್ಬಮಜೆಪಿನ್‌ನ ಒಂದು ಮಾತ್ರೆ ಹೀಗೆ ರಚಿತವಾಗಿದೆ. ಇದರ ಖಾಲಿ ಕವಚ ಮಲದಲ್ಲಿ ಕಾಣಿಸಿಕೊಳ್ಳಬಹುದು. ಔಷಧ ದೇಹಕ್ಕೆ ಸೇರಿಲ್ಲವೆಂದು ಇದರ ಅರ್ಥವಲ್ಲ.
* ಜಠರದಲ್ಲಿ ನಿಲ್ಲುವ ಮಾತ್ರೆ: ಮಾತ್ರೆಯು ಉಬ್ಬಿ ದೊಡ್ಡದಾಗಿ ಜಠರದಲ್ಲಿಯೇ ಹಲವು ಗಂಟೆ ಉಳಿಯುತ್ತದೆ. ಸಣ್ಣಕರುಳಿನಲ್ಲಿ ಮಾತ್ರ ಚೆನ್ನಾಗಿ ಹೀರಲ್ಪಡುವ ಔಷಧಗಳಿಗೆ ಇದು ತಕ್ಕುದು. ಊಟವಾದ ಮೇಲೆ ಜಠರ ಬರಿದಾಗುವುದು ನಿಧಾನವಾದ್ದರಿಂದ ಈ ಮಾತ್ರೆಗಳನ್ನು ಊಟದ ನಂತರವೇ ಸೇವಿಸಬೇಕು.

## ಔಷಧವಾರು ಹೋಲಿಕೆ

### ಪ್ರೆಗಾಬಾಲಿನ್

ತಕ್ಷಣ ಬಿಡುಗಡೆಯ ಪ್ರೆಗಾಬಾಲಿನ್ ಬರಿಹೊಟ್ಟೆಯಲ್ಲಿ ಸೇವಿಸಿದ ಸುಮಾರು ಒಂದೂವರೆ ಗಂಟೆಯಲ್ಲಿ, ಊಟದೊಡನೆ ಸೇವಿಸಿದರೆ ಸುಮಾರು 3 ಗಂಟೆಯಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಊಟದಿಂದ ವೇಗ ತಗ್ಗಿದರೂ ದೇಹಕ್ಕೆ ಸೇರುವ ಒಟ್ಟು ಪ್ರಮಾಣ ಶೇ. 90ಕ್ಕಿಂತ ಕಡಿಮೆಯಾಗುವುದಿಲ್ಲ. ಆದ್ದರಿಂದ ಊಟಕ್ಕೆ ಮೊದಲೂ ನಂತರವೂ ಅದನ್ನು ಸೇವಿಸಬಹುದು.

ಅಮೆರಿಕದಲ್ಲಿ ಲಿರಿಕಾ ಸಿಆರ್ ಎಂಬ ಹೆಸರಿನಲ್ಲಿ ಬಂದ ನಿಧಾನ ಬಿಡುಗಡೆಯ ಮಾತ್ರೆಯ ವಿಷಯ ಹಾಗಲ್ಲ. ಅದನ್ನು ರಾತ್ರಿಯೂಟದ ನಂತರ ದಿನಕ್ಕೊಮ್ಮೆ ಸೇವಿಸಬೇಕು. ಬರಿಹೊಟ್ಟೆಯಲ್ಲಿ ಸೇವಿಸಿದರೆ ದೇಹಕ್ಕೆ ಸೇರುವ ಪ್ರಮಾಣವೇ ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಎರಡು ರೂಪಗಳ ಮಿಲಿಗ್ರಾಂ ಲೆಕ್ಕವೂ ಒಂದೇ ಅಲ್ಲ. ಆ ಮಾತ್ರೆಯ ಅನುಮೋದಿತ ವಿವರಪತ್ರದಲ್ಲಿ ಕೊಟ್ಟಿರುವ ಬದಲಾವಣೆಯ ಪ್ರಮಾಣಗಳು ಹೀಗಿವೆ:

| ತಕ್ಷಣ ಬಿಡುಗಡೆ: ದಿನದ ಒಟ್ಟು ಪ್ರಮಾಣ | ನಿಧಾನ ಬಿಡುಗಡೆ: ದಿನಕ್ಕೊಮ್ಮೆ |
|---|---|
| 75 ಮಿ.ಗ್ರಾಂ | 82.5 ಮಿ.ಗ್ರಾಂ |
| 150 ಮಿ.ಗ್ರಾಂ | 165 ಮಿ.ಗ್ರಾಂ |
| 300 ಮಿ.ಗ್ರಾಂ | 330 ಮಿ.ಗ್ರಾಂ |
| 450 ಮಿ.ಗ್ರಾಂ | 495 ಮಿ.ಗ್ರಾಂ |
| 600 ಮಿ.ಗ್ರಾಂ | 660 ಮಿ.ಗ್ರಾಂ |

ಈ ಕೋಷ್ಟಕ ಆ ಒಂದು ಮಾತ್ರೆಗೆ ಮಾತ್ರ ಸಂಬಂಧಿಸಿದುದು. ಬೇರೆ ತಯಾರಕರ ನಿಧಾನ ಬಿಡುಗಡೆಯ ಮಾತ್ರೆಗಳ ರಚನೆ ಬೇರೆಯಾಗಿರಬಹುದಾದ್ದರಿಂದ ಇದನ್ನು ಅವುಗಳಿಗೆ ಹಾಗೆಯೇ ಅನ್ವಯಿಸಲಾಗದು.

ಎರಡು ರೂಪಗಳ ಅನುಮೋದಿತ ಬಳಕೆಯಲ್ಲಿಯೂ ವ್ಯತ್ಯಾಸವಿದೆ. ಅಮೆರಿಕದಲ್ಲಿ ತಕ್ಷಣ ಬಿಡುಗಡೆಯ ರೂಪಕ್ಕೆ ಮಧುಮೇಹದ ನರನೋವು, ಸರ್ಪಸುತ್ತಿನ ನಂತರದ ನೋವು, ಬೆನ್ನುಹುರಿಯ ಗಾಯದ ನೋವು, ಫೈಬ್ರೊಮಯಾಲ್ಜಿಯಾ ಮತ್ತು ಅಪಸ್ಮಾರದಲ್ಲಿ ಅನುಮತಿ ಇದೆ. ನಿಧಾನ ಬಿಡುಗಡೆಯ ರೂಪಕ್ಕೆ ಇವುಗಳಲ್ಲಿ ಮೊದಲ ಎರಡಕ್ಕೆ ಮಾತ್ರ ಅನುಮತಿ ಇದೆ.

### ಗ್ಯಾಬಪೆಂಟಿನ್

ಗ್ಯಾಬಪೆಂಟಿನ್ ಸಣ್ಣಕರುಳಿನ ಗೋಡೆಯಲ್ಲಿರುವ ಸಾಗಣೆ ಪ್ರೋಟೀನುಗಳ ಮೂಲಕ ರಕ್ತವನ್ನು ಸೇರುತ್ತದೆ. ಈ ಪ್ರೋಟೀನುಗಳು ಒಂದು ಹೊತ್ತಿಗೆ ಸಾಗಿಸಬಲ್ಲ ಪ್ರಮಾಣಕ್ಕೆ ಮಿತಿಯುಂಟು. ದಿನಕ್ಕೆ 900 ಮಿ.ಗ್ರಾಂ ಔಷಧವನ್ನು ಮೂರು ಪಾಲು ಮಾಡಿ ಸೇವಿಸಿದರೆ ಅದರ ಸುಮಾರು ಶೇ. 60ರಷ್ಟು ದೇಹಕ್ಕೆ ಸೇರುತ್ತದೆ; 3600 ಮಿ.ಗ್ರಾಂ ಸೇವಿಸಿದರೆ ಸುಮಾರು ಶೇ. 33ರಷ್ಟು ಮಾತ್ರ. ಲೆಕ್ಕ ಹಾಕಿದರೆ ಮೊದಲನೆಯದರಲ್ಲಿ ಸುಮಾರು 540 ಮಿ.ಗ್ರಾಂ, ಎರಡನೆಯದರಲ್ಲಿ ಸುಮಾರು 1190 ಮಿ.ಗ್ರಾಂ. ಔಷಧದ ಪ್ರಮಾಣ ನಾಲ್ಕು ಪಟ್ಟಾದರೂ ದೇಹಕ್ಕೆ ದಕ್ಕುವುದು ಎರಡು ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ತಕ್ಷಣ ಬಿಡುಗಡೆಯ ಗ್ಯಾಬಪೆಂಟಿನನ್ನು ದಿನಕ್ಕೆ ಮೂರು ಬಾರಿ ಹಂಚಿ ಸೇವಿಸಲೇಬೇಕು.

ಈ ತೊಡಕನ್ನು ಎರಡು ರೀತಿಯಲ್ಲಿ ಪರಿಹರಿಸಲಾಗಿದೆ. ಮೊದಲನೆಯದು ಜಠರದಲ್ಲಿ ಉಬ್ಬಿ ನಿಲ್ಲುವ ಮಾತ್ರೆ. ಗ್ರಲೈಸ್ ಎಂಬ ಹೆಸರಿನ ಇದನ್ನು ಸರ್ಪಸುತ್ತಿನ ನಂತರದ ನೋವಿಗೆ ರಾತ್ರಿಯೂಟದೊಡನೆ ಒಮ್ಮೆ ಸೇವಿಸುತ್ತಾರೆ. ಪ್ರಮಾಣವನ್ನು ಎರಡು ವಾರಗಳಲ್ಲಿ ಹಂತಹಂತವಾಗಿ 1800 ಮಿ.ಗ್ರಾಂಗೆ ಏರಿಸಲಾಗುತ್ತದೆ. ಎರಡನೆಯದು ಗ್ಯಾಬಪೆಂಟಿನ್ ಎನಕಾರ್ಬಿಲ್. ಇದು ದೇಹದೊಳಗೆ ಗ್ಯಾಬಪೆಂಟಿನ್ ಆಗಿ ಮಾರ್ಪಡುವ ಬೇರೊಂದು ಸಂಯುಕ್ತ. ಕರುಳಿನ ಉದ್ದಕ್ಕೂ ಇರುವ ಬೇರೆ ಸಾಗಣೆ ಪ್ರೋಟೀನುಗಳನ್ನು ಇದು ಬಳಸಿಕೊಳ್ಳುತ್ತದೆ. ಸರ್ಪಸುತ್ತಿನ ನಂತರದ ನೋವಿಗೆ ಇದರ ಪ್ರಮಾಣ 600 ಮಿ.ಗ್ರಾಂನಂತೆ ದಿನಕ್ಕೆರಡು ಬಾರಿ. ಸಾಮಾನ್ಯ ಕ್ಯಾಪ್ಸೂಲು, ಉಬ್ಬುವ ಮಾತ್ರೆ ಮತ್ತು ಎನಕಾರ್ಬಿಲ್ ಈ ಮೂರನ್ನೂ ಒಂದರ ಬದಲಿಗೆ ಇನ್ನೊಂದೆಂದು ಬಳಸಬಾರದೆಂದು ಅವುಗಳ ವಿವರಪತ್ರಗಳು ಸ್ಪಷ್ಟವಾಗಿ ಹೇಳುತ್ತವೆ.

### ಕಾರ್ಬಮಜೆಪಿನ್

ತ್ರಿಧಾರಾ ನರಶೂಲೆಗೆ ಇದು ಮೊದಲ ಆಯ್ಕೆಯ ಔಷಧಗಳಲ್ಲಿ ಒಂದು. ತಲೆಸುತ್ತು, ವಸ್ತುಗಳು ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು ಮೊದಲಾದ ತೊಂದರೆಗಳು ರಕ್ತದಲ್ಲಿ ಔಷಧದ ಮಟ್ಟ ಏರಿದಾಗ ಹೆಚ್ಚುತ್ತವೆ. ಏರಿಳಿತ ಕಡಿಮೆ ಇರುವ ನಿಧಾನ ಬಿಡುಗಡೆಯ ರೂಪದಿಂದ ಇಲ್ಲಿ ನಿಜವಾದ ಅನುಕೂಲ ದೊರೆಯಬಹುದು. ಆದರೆ ಈ ಔಷಧದಿಂದ ಅಪರೂಪವಾಗಿ ಉಂಟಾಗುವ ತೀವ್ರ ಚರ್ಮರೋಗದ ಅಪಾಯ ಎರಡು ರೂಪಗಳಲ್ಲಿಯೂ ಇದೆ. ಎಚ್‌ಎಲ್‌ಎ-ಬಿ*1502 ಎಂಬ ಜೀನ್ ಪ್ರಭೇದ ಉಳ್ಳವರಲ್ಲಿ ಈ ಅಪಾಯ ಹೆಚ್ಚು. ಇದು ಏಷ್ಯಾ ಮೂಲದವರಲ್ಲಿ ಹೆಚ್ಚಾಗಿ ಕಂಡುಬರುವುದರಿಂದ ಅವರಿಗೆ ಔಷಧ ಆರಂಭಿಸುವ ಮುನ್ನ ಪರೀಕ್ಷೆ ನಡೆಸಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2007ರಲ್ಲಿ ಸೂಚಿಸಿತು.

### ಟ್ರಮಡಾಲ್ ಮತ್ತು ಟಪೆಂಟಡಾಲ್

ಇವು ಅಫೀಮು ವರ್ಗದ ನೋವುನಿವಾರಕಗಳಂತೆ ವರ್ತಿಸುವ ಔಷಧಗಳು. ಬೇರೆ ಔಷಧಗಳಿಂದ ಸಾಕಷ್ಟು ಪ್ರಯೋಜನವಾಗದಾಗ ಮಾತ್ರ ಇವನ್ನು ಪರಿಗಣಿಸಲಾಗುತ್ತದೆ. ತಕ್ಷಣ ಬಿಡುಗಡೆಯ ಟ್ರಮಡಾಲನ್ನು 4ರಿಂದ 6 ಗಂಟೆಗೊಮ್ಮೆ ಸೇವಿಸಬೇಕಾಗುತ್ತದೆ. ಟಪೆಂಟಡಾಲ್‌ನ ನಿಧಾನ ಬಿಡುಗಡೆಯ ರೂಪಕ್ಕೆ ಅಮೆರಿಕದಲ್ಲಿ 2012ರಲ್ಲಿ ಮಧುಮೇಹದ ನರನೋವಿಗಾಗಿ ಅನುಮತಿ ದೊರೆಯಿತು. ಚಟ ಹತ್ತುವ ಮತ್ತು ಉಸಿರಾಟ ಕುಗ್ಗುವ ಅಪಾಯ ಎರಡು ರೂಪಗಳಲ್ಲಿಯೂ ಇದೆ.

## ಪರಿಣಾಮದ ಪುರಾವೆ

ಒಬ್ಬ ಹೆಚ್ಚುವರಿ ರೋಗಿಯ ನೋವು ಅರ್ಧದಷ್ಟು ಕಡಿಮೆಯಾಗಬೇಕಾದರೆ ಎಷ್ಟು ಜನರಿಗೆ ಔಷಧ ನೀಡಬೇಕು ಎಂಬ ಸಂಖ್ಯೆಯಿಂದ ಔಷಧಗಳ ಪ್ರಯೋಜನವನ್ನು ಅಳೆಯುವ ಕ್ರಮವಿದೆ. ಸಂಖ್ಯೆ ಚಿಕ್ಕದಾದಷ್ಟೂ ಔಷಧದ ಪರಿಣಾಮ ಹೆಚ್ಚು. ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘದ ನರನೋವು ವಿಭಾಗವು 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಈ ಸಂಖ್ಯೆ ಅಮಿಟ್ರಿಪ್ಟಿಲಿನ್ ಗುಂಪಿಗೆ 3.6, ಡ್ಯುಲಾಕ್ಸೆಟಿನ್–ವೆನ್ಲಾಫ್ಯಾಕ್ಸಿನ್ ಗುಂಪಿಗೆ 6.4, ಪ್ರೆಗಾಬಾಲಿನ್‌ಗೆ 7.7, ಸಾಮಾನ್ಯ ಗ್ಯಾಬಪೆಂಟಿನ್‌ಗೆ 6.3, ಅದರ ನಿಧಾನ ಬಿಡುಗಡೆ ಮತ್ತು ಎನಕಾರ್ಬಿಲ್ ರೂಪಗಳಿಗೆ 8.3 ಎಂದು ಕಂಡುಬಂದಿತು. ಇವು ಬೇರೆಬೇರೆ ಪ್ರಯೋಗಗಳಿಂದ ಬಂದ ಸಂಖ್ಯೆಗಳಾದ್ದರಿಂದ ಸಾಮಾನ್ಯ ಗ್ಯಾಬಪೆಂಟಿನ್ ಹೆಚ್ಚು ಪರಿಣಾಮಕಾರಿ ಎಂದು ಇದರಿಂದ ಸಾಧಿಸಲಾಗದು. ಆದರೆ ನಿಧಾನ ಬಿಡುಗಡೆಯ ರೂಪ ನೋವನ್ನು ಹೆಚ್ಚು ತಗ್ಗಿಸುತ್ತದೆ ಎಂಬ ಮಾತಿಗೂ ಇದರಲ್ಲಿ ಆಧಾರವಿಲ್ಲ.

ನಿಧಾನ ಬಿಡುಗಡೆಯ ಪ್ರೆಗಾಬಾಲಿನ್‌ನ ಮುಖ್ಯ ಪ್ರಯೋಗವನ್ನು ಸರ್ಪಸುತ್ತಿನ ನಂತರದ ನೋವಿದ್ದ 801 ಜನರಲ್ಲಿ ಆರಂಭಿಸಲಾಯಿತು. ಮೊದಲ ಹಂತದಲ್ಲಿ ಎಲ್ಲರಿಗೂ ಔಷಧ ಕೊಟ್ಟು, ಪ್ರಯೋಜನ ಕಂಡವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧವನ್ನು ಮುಂದುವರಿಸಿ ಇನ್ನೊಂದಕ್ಕೆ ಹುಸಿಮಾತ್ರೆ ನೀಡಲಾಯಿತು. ಔಷಧದ ಗುಂಪಿನಲ್ಲಿ ಶೇ. 13.9ರಷ್ಟು, ಹುಸಿಮಾತ್ರೆಯ ಗುಂಪಿನಲ್ಲಿ ಶೇ. 30.7ರಷ್ಟು ಜನರಲ್ಲಿ ಪರಿಣಾಮ ಕುಂದಿತು. ಔಷಧ ಕೆಲಸಮಾಡುತ್ತದೆಂಬುದು ಇದರಿಂದ ತಿಳಿಯುತ್ತದೆ. ಆದರೆ ಹೋಲಿಕೆ ನಡೆದದ್ದು ಹುಸಿಮಾತ್ರೆಯೊಡನೆಯೇ ಹೊರತು ತಕ್ಷಣ ಬಿಡುಗಡೆಯ ಕ್ಯಾಪ್ಸೂಲಿನೊಡನೆ ಅಲ್ಲ. ಹೀಗಾಗಿ ದಿನಕ್ಕೊಮ್ಮೆ ಸೇವಿಸುವ ಅನುಕೂಲವೇ ಈ ರೂಪದ ಖಚಿತವಾದ ಲಾಭ.

## ಅಡ್ಡಪರಿಣಾಮಗಳು

ತಲೆಸುತ್ತು, ತೂಕಡಿಕೆ, ಕಾಲೂತ, ತೂಕ ಹೆಚ್ಚುವುದು ಮತ್ತು ದೃಷ್ಟಿ ಮಸುಕಾಗುವುದು ಪ್ರೆಗಾಬಾಲಿನ್ ಹಾಗೂ ಗ್ಯಾಬಪೆಂಟಿನ್‌ಗಳ ಎರಡು ರೂಪಗಳಲ್ಲಿಯೂ ಕಂಡುಬರುತ್ತವೆ. ರಾತ್ರಿಯೂಟದ ನಂತರ ಸೇವಿಸುವ ನಿಧಾನ ಬಿಡುಗಡೆಯ ಮಾತ್ರೆಯ ಗರಿಷ್ಠ ಮಟ್ಟ ನಿದ್ರೆಯ ಹೊತ್ತಿನಲ್ಲಿ ಬರುವುದರಿಂದ ಹಗಲಿನ ತೂಕಡಿಕೆ ಕೆಲವರಿಗೆ ಕಡಿಮೆಯೆನಿಸಬಹುದು. ಆದರೆ ಅದೇ ಹೊತ್ತಿನಲ್ಲಿ ಮೂತ್ರಕ್ಕೆಂದು ಎದ್ದು ನಡೆಯುವ ವೃದ್ಧರು ತಲೆಸುತ್ತಿ ಬೀಳುವ ಸಂಭವವನ್ನೂ ಗಮನಿಸಬೇಕು. ತೊಂದರೆ ಕಾಣಿಸಿಕೊಂಡಾಗ ತಕ್ಷಣ ಬಿಡುಗಡೆಯ ಔಷಧದ ಪರಿಣಾಮ ಬೇಗ ಇಳಿಯುತ್ತದೆ. ನಿಧಾನ ಬಿಡುಗಡೆಯ ಮಾತ್ರೆ ಹೊಟ್ಟೆಯಲ್ಲಿರುವವರೆಗೂ ಔಷಧ ಸೇರುತ್ತಲೇ ಇರುತ್ತದೆ.

ಶ್ವಾಸಕೋಶದ ಕಾಯಿಲೆ ಇರುವವರಲ್ಲಿ, ವೃದ್ಧರಲ್ಲಿ ಹಾಗೂ ಅಫೀಮು ವರ್ಗದ ಔಷಧ ಅಥವಾ ನಿದ್ರೆಮಾತ್ರೆಗಳನ್ನು ಸೇವಿಸುತ್ತಿರುವವರಲ್ಲಿ ಪ್ರೆಗಾಬಾಲಿನ್ ಮತ್ತು ಗ್ಯಾಬಪೆಂಟಿನ್‌ಗಳಿಂದ ಉಸಿರಾಟ ಅಪಾಯಕಾರಿಯಾಗಿ ಕುಗ್ಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 2019ರ ಡಿಸೆಂಬರಿನಲ್ಲಿ ಎಚ್ಚರಿಸಿತು.

## ಸೇವನೆಯಲ್ಲಿ ಗಮನಿಸಬೇಕಾದ ಅಂಶಗಳು

ಪುಡಿಮಾಡುವುದು ಮತ್ತು ಅಗಿಯುವುದು: ನುಂಗಲು ಕಷ್ಟಪಡುವ ಹಿರಿಯರಿಗೆ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕದಡಿ ಕೊಡುವ ರೂಢಿ ಮನೆಗಳಲ್ಲಿದೆ. ನಿಧಾನ ಬಿಡುಗಡೆಯ ಮಾತ್ರೆಗೆ ಇದು ಸಲ್ಲದು. ಪುಡಿಮಾಡಿದಾಗ ಅದರ ರಚನೆ ನಾಶವಾಗಿ, ಇಡೀ ದಿನಕ್ಕೆಂದು ತುಂಬಿದ ಔಷಧ ಒಮ್ಮೆಗೇ ರಕ್ತವನ್ನು ಸೇರುತ್ತದೆ. ಟ್ರಮಡಾಲ್, ಟಪೆಂಟಡಾಲ್‌ಗಳ ವಿಷಯದಲ್ಲಿ ಇದು ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು. ನಡುಗೆರೆ ಇರುವ ಕೆಲವು ಮಾತ್ರೆಗಳನ್ನು ಎರಡು ಹೋಳು ಮಾಡಬಹುದಾದರೂ ಅಗಿಯುವಂತಿಲ್ಲ. ಲೇಪಿತ ಕಾಳುಗಳುಳ್ಳ ಕೆಲವು ಕ್ಯಾಪ್ಸೂಲುಗಳನ್ನು ಬಿಡಿಸಿ ಮೆದು ಆಹಾರದ ಮೇಲೆ ಉದುರಿಸಬಹುದಾದರೂ ಕಾಳುಗಳನ್ನು ಕಡಿಯುವಂತಿಲ್ಲ. ಯಾವುದಕ್ಕೆ ಯಾವ ನಿಯಮವೆಂಬುದನ್ನು ಔಷಧತಜ್ಞರಿಂದ ತಿಳಿಯಬೇಕು. ನುಂಗಲಾರದವರಿಗೆ ಮತ್ತು ಮೂಗಿನ ನಳಿಕೆಯ ಮೂಲಕ ಆಹಾರ ಪಡೆಯುವವರಿಗೆ ಪ್ರೆಗಾಬಾಲಿನ್, ಗ್ಯಾಬಪೆಂಟಿನ್‌ಗಳ ದ್ರವರೂಪಗಳೂ ಇವೆ.

ಮದ್ಯ: ಕೆಲವು ನಿಧಾನ ಬಿಡುಗಡೆಯ ರಚನೆಗಳು ಮದ್ಯದಲ್ಲಿ ಬೇಗ ಕರಗುತ್ತವೆ. ಪ್ಯಾಲಡೋನ್ ಎಂಬ ಅಫೀಮು ವರ್ಗದ ನಿಧಾನ ಬಿಡುಗಡೆಯ ಔಷಧವನ್ನು ಈ ಕಾರಣಕ್ಕಾಗಿಯೇ 2005ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದೆಗೆಯಲಾಯಿತು.

ಆಮ್ಲಶಾಮಕಗಳು: ಅಲ್ಯೂಮಿನಿಯಂ ಮತ್ತು ಮೆಗ್ನೀಷಿಯಂ ಇರುವ ಆಮ್ಲಶಾಮಕದೊಡನೆ ಗ್ಯಾಬಪೆಂಟಿನ್ ಸೇವಿಸಿದರೆ ದೇಹಕ್ಕೆ ಸೇರುವ ಪ್ರಮಾಣ ಸುಮಾರು ಶೇ. 20ರಷ್ಟು ತಗ್ಗುತ್ತದೆ. ಆಮ್ಲಶಾಮಕ ಸೇವಿಸಿದ ಕನಿಷ್ಠ 2 ಗಂಟೆಗಳ ನಂತರ ಅದನ್ನು ಸೇವಿಸಬೇಕು.

ನಿಲ್ಲಿಸುವುದು: ನೋವು ಕಡಿಮೆಯಾಯಿತೆಂದು ಯಾವ ರೂಪವನ್ನೂ ಹಠಾತ್ತನೆ ನಿಲ್ಲಿಸಬಾರದು. ಪ್ರೆಗಾಬಾಲಿನನ್ನು ಕನಿಷ್ಠ ಒಂದು ವಾರದ ಅವಧಿಯಲ್ಲಿ ಕ್ರಮೇಣ ತಗ್ಗಿಸಿ ನಿಲ್ಲಿಸಲಾಗುತ್ತದೆ. ಇಲ್ಲವಾದರೆ ನಿದ್ರಾಹೀನತೆ, ವಾಕರಿಕೆ, ತಲೆನೋವು, ಬೆವರುವಿಕೆ ಉಂಟಾಗಬಹುದು. ಅಪಸ್ಮಾರ ಇರುವವರಲ್ಲಿ ಸೆಳವು ಹೆಚ್ಚಬಹುದು.

## ಆಯ್ಕೆಯ ಆಧಾರಗಳು

ಚಿಕಿತ್ಸೆಯ ಆರಂಭದಲ್ಲಿ ತಕ್ಷಣ ಬಿಡುಗಡೆಯ ರೂಪ ಅನುಕೂಲಕರ. ಪ್ರಮಾಣವನ್ನು ಸಣ್ಣ ಹಂತಗಳಲ್ಲಿ ಏರಿಸಲು, ಇಳಿಸಲು, ಹಗಲಿಗಿಂತ ರಾತ್ರಿ ಹೆಚ್ಚು ಕೊಡಲು ಅದರಲ್ಲಿ ಅವಕಾಶವಿದೆ. ಸರಿಹೊಂದುವ ಪ್ರಮಾಣ ನೆಲೆಗೊಂಡ ಮೇಲೆ, ಹಗಲಿನ ಮಾತ್ರೆಯನ್ನು ಮರೆಯುವವರಿಗೆ ಅಥವಾ ಈಗಾಗಲೇ ಹಲವು ಮಾತ್ರೆಗಳನ್ನು ಸೇವಿಸುವವರಿಗೆ ನಿಧಾನ ಬಿಡುಗಡೆಯ ರೂಪ ನೆರವಾಗುತ್ತದೆ. ರಾತ್ರಿಯೂಟವನ್ನು ಬಿಡುವವರಿಗೆ ಅಥವಾ ತೀರ ಅಲ್ಪವಾಗಿ ಉಣ್ಣುವವರಿಗೆ ಊಟವನ್ನು ಅವಲಂಬಿಸಿದ ಮಾತ್ರೆ ತಕ್ಕುದಲ್ಲ.

ಮೂತ್ರಪಿಂಡದ ಸ್ಥಿತಿ ಎಲ್ಲಕ್ಕಿಂತ ಮುಖ್ಯ. ಪ್ರೆಗಾಬಾಲಿನ್ ಮತ್ತು ಗ್ಯಾಬಪೆಂಟಿನ್‌ಗಳು ಬಹುಮಟ್ಟಿಗೆ ಮಾರ್ಪಡದೆ ಮೂತ್ರದ ಮೂಲಕವೇ ಹೊರಹೋಗುತ್ತವೆ. ಮೂತ್ರಪಿಂಡದ ಶೋಧನಶಕ್ತಿಯನ್ನು ಸೂಚಿಸುವ ಕ್ರಿಯಾಟಿನಿನ್ ನಿವಾರಣೆ ನಿಮಿಷಕ್ಕೆ 30 ಮಿ.ಲೀ.ಗಿಂತ ಕಡಿಮೆ ಇರುವವರಿಗೆ ಮತ್ತು ಡಯಾಲಿಸಿಸ್ ಪಡೆಯುವವರಿಗೆ ಲಿರಿಕಾ ಸಿಆರ್ ಹಾಗೂ ಗ್ರಲೈಸ್‌ಗಳನ್ನು ಶಿಫಾರಸು ಮಾಡುವುದಿಲ್ಲ. ತಕ್ಷಣ ಬಿಡುಗಡೆಯ ರೂಪವನ್ನು ತಗ್ಗಿಸಿದ ಪ್ರಮಾಣದಲ್ಲಿ ನೀಡುತ್ತಾರೆ. ಮಧುಮೇಹವು ನರಗಳನ್ನೂ ಮೂತ್ರಪಿಂಡಗಳನ್ನೂ ಒಟ್ಟಿಗೆ ಕೆಡಿಸಬಲ್ಲದಾದ್ದರಿಂದ, ಪಾದದ ಉರಿಗೆಂದು ಔಷಧ ಪಡೆಯುವವರಲ್ಲಿಯೇ ಈ ನಿರ್ಬಂಧಕ್ಕೆ ಒಳಪಡುವವರು ಇರುತ್ತಾರೆ.

## ಭಾರತದಲ್ಲಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನ ಮಧುಮೇಹಿಗಳಿದ್ದಾರೆ. ಆದುದರಿಂದ ನರನೋವಿನ ಔಷಧಗಳ ಬಳಕೆ ಇಲ್ಲಿ ವ್ಯಾಪಕವಾಗಿದೆ. ಪ್ರೆಗಾಬಾಲಿನ್ 75 ಮಿ.ಗ್ರಾಂ ಸಾಮಾನ್ಯ ಕ್ಯಾಪ್ಸೂಲಾಗಿಯೂ 75 ಮತ್ತು 150 ಮಿ.ಗ್ರಾಂ ಎಸ್‌ಆರ್ ಮಾತ್ರೆಯಾಗಿಯೂ ದೊರೆಯುತ್ತದೆ. ಮಿಥೈಲ್‌ಕೊಬಾಲಮಿನ್ ಎಂಬ ಬಿ12 ಜೀವಸತ್ವದೊಡನೆ ಬೆರೆತ ಮಾತ್ರೆಗಳೂ ಬಳಕೆಯಲ್ಲಿವೆ. ಒಂದೇ ಹೆಸರಿನ ಸಾಮಾನ್ಯ ಮತ್ತು ಎಸ್‌ಆರ್ ಪಟ್ಟಿಗಳು ನೋಡಲು ಹೋಲುವ ಸಂದರ್ಭಗಳಿರುವುದರಿಂದ, ಔಷಧದಂಗಡಿಯಲ್ಲಿ ಮಿಲಿಗ್ರಾಂ ಅಂಕಿಯೊಡನೆ ಈ ಅಕ್ಷರಗಳನ್ನೂ ವೈದ್ಯರ ಚೀಟಿಯೊಂದಿಗೆ ತಾಳೆನೋಡುವುದು ಅವಶ್ಯಕ. ಟ್ರಮಡಾಲನ್ನು 2018ರ ಏಪ್ರಿಲಿನಲ್ಲಿ ಮಾದಕ ದ್ರವ್ಯಗಳ ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ತರಲಾಯಿತು.

## ಇವನ್ನೂ ನೋಡಿ

* ಮಧುಮೇಹ
* ಸರ್ಪಸುತ್ತು
* ಅಪಸ್ಮಾರ
* ಮೂತ್ರಪಿಂಡ